ವಾಪಸ್ ಹೋದವರನ್ನು ಎಣಿಸಿದ ಮಧುಮತಿ

ಮಧುಮತಿಯನ್ನು ನಾನು ಮೊದಲ ಸಲ ನೋಡಿದ್ದು ಜೆ.ಪಿ. ನಗರದ ಒಂದು ಆಫೀಸಿನಲ್ಲಿ. ಆಗ ಅವಳು ನನ್ನ ಕನ್ನಡವನ್ನು ಬೈಯುತ್ತಿದ್ದಳು.

"ಈ ಪ್ರಶ್ನೆ ಯಾರು ಬರದಾರ್ರಿ? 'ತಮ್ಮ ಕುಟುಂಬದ ಆರೋಗ್ಯ ಸೇವಾ ಬಳಕೆಯ ವಿನ್ಯಾಸವನ್ನು ವಿವರಿಸುವಿರಾ' ಅಂತ. ಹಿಂಗ ಕೇಳಿದ್ರ ಮಂದಿ ನನ್ನ ಹುಚ್ಚಿ ಅಂತಾರ್ರಿ."

ಬರೆದವನು ನಾನೇ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿ, ಬನಶಂಕರಿಯ ಮನೆಯಲ್ಲಿ ಕೂತು ಬೇಜಾರಾಗಿ, ಆ ಕಂಪನಿಯ ಇಂಗ್ಲಿಷನ್ನು ಕನ್ನಡ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಕೈ ಎತ್ತಿ "ನಾನಮ್ಮ, ಚಕ್ರಪಾಣಿ" ಅಂದೆ. ಅವಳು ಸ್ವಲ್ಪವೂ ಮುಜುಗರಪಡದೆ, "ಹೌದೇನ್ರಿ ಸರ್ರ, ಚಲೋ ಆತು ಸಿಕ್ರಿ, ಇದನ್ನ ಮಂದಿ ಮಾತಿನ್ಯಾಗ ಬರಕೊಡ್ರಿ" ಎಂದು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಕಂಪನಿಯ ಹೆಸರು ಮುಂಬೆಳಗು ಹೆಲ್ತ್ ಅಡ್ವೈಸರಿ. ಇನ್ನು ಹದಿನೈದು ವರ್ಷಕ್ಕೆ ಜನಕ್ಕೆ ಎಂಥ ಆಸ್ಪತ್ರೆ ಬೇಕಾಗುತ್ತೆ ಎಂದು ಮೊದಲೇ ಹೇಳುವುದು ಅವರ ಕಸುಬು. ಹೇಳಿದ ಮೇಲೆ, ತಾವು ಹೇಳಿದ್ದು ಸರಿಹೋಯಿತೇ ಇಲ್ಲವೇ ಎಂದು ಅಳೆದು ಕೊಡುವುದೂ ಅವರದೇ ಕಸುಬು. ಪ್ರಶ್ನೆಪತ್ರಿಕೆ ತೆಗೆದವನೇ ಉತ್ತರ ಬರೆದು ತಾನೇ ಅಂಕ ಹಾಕಿಕೊಂಡ ಹಾಗೆ. ನಮ್ಮ ಕಾಲೇಜಿನಲ್ಲಾಗಿದ್ದರೆ ಡಿಬಾರ್ ಮಾಡುತ್ತಿದ್ದೆವು. ಇಲ್ಲಿ ಅದಕ್ಕೆ ಗಾಜಿನ ಗೋಡೆಯ ಆಫೀಸು, ಗೋಡೆಯ ತುಂಬ ಬಣ್ಣಬಣ್ಣದ ಚೀಟಿ.

ಅದನ್ನು ನಡೆಸುತ್ತಿದ್ದವರು ಶಶಿಕಾಂತ್ ಎಂಬುವರು. ನಲವತ್ತೆರಡು ವಯಸ್ಸು, ಹೊರದೇಶದ ಡಿಗ್ರಿ, ಬೆಂಗಳೂರಲ್ಲೇ ಹುಟ್ಟಿ ಬೆಳೆದಿದ್ದರೂ ಸುಬ್ರಹ್ಮಣ್ಯಪುರ ಎಲ್ಲಿದೆ ಎಂದು ಫೋನಿನ ಮ್ಯಾಪಿನಲ್ಲಿ ಹುಡುಕುವವರು. ಒಳ್ಳೆಯ ಮನುಷ್ಯ. ಕಾಫಿ ತಾವೇ ಮಾಡಿ ಕೊಡುತ್ತಿದ್ದರು. ಮನುಷ್ಯ ಒಳ್ಳೆಯವನಾದರೆ ಸಾಕು, ಕೆಲಸ ಹೇಗಿದ್ದರೂ ನಡೆಯುತ್ತೆ ಎಂದು ನಾವು ಸುಮ್ಮನಿರುತ್ತೇವಲ್ಲ, ಅಂಥ ಒಳ್ಳೆಯತನ.

ಆ ವರ್ಷ ಅವರ ಕೈಗೆ ಬಂದಿದ್ದ ಕೆಲಸ ಯಡಿಯೂರಿನ ಗುರುಬಸಪ್ಪನವರದು. ತಿಪಟೂರು ಕಡೆಯಿಂದ ಬಂದು ಬೇಳೆಕಾಳಿನ ಮಂಡಿ ನಡೆಸಿ ಬೆಳೆದ ಹಿರಿಯರು. ಹೆಂಡತಿಯ ನೆನಪಿಗೆ ಟ್ರಸ್ಟ್ ಮಾಡಿ ಯಡಿಯೂರು, ಸುಬ್ರಹ್ಮಣ್ಯಪುರ, ಬಿಟಿಎಂ ಮೂರೂ ಕಡೆ ಒಂದೊಂದು ಧರ್ಮ ಕ್ಲಿನಿಕ್ ಇಟ್ಟಿದ್ದರು. ಬೆಳಗ್ಗೆ ಎಂಟಕ್ಕೆ ತೆರೆದು ಸಾಯಂಕಾಲ ನಾಲ್ಕಕ್ಕೆ ಮುಚ್ಚುವ ಕ್ಲಿನಿಕ್‌ಗಳು. "ನಾನು ಹೋದ ಮೇಲೂ ಇವು ಜನಕ್ಕೆ ಉಪಯೋಗ ಆಗ್ಬೇಕು, ಹೇಗೆ ಅಂತ ಹೇಳಿ" ಎಂದು ಕೇಳಿದ್ದರು. ಸರಳವಾದ ಪ್ರಶ್ನೆ. ಶಶಿಕಾಂತ್ ಅದಕ್ಕೆ 'ಭವಿಷ್ಯದ ಆರೋಗ್ಯ 2040' ಎಂದು ಹೆಸರಿಟ್ಟರು.

ಮೊದಲು ಜಯನಗರದ ಒಂದು ಹಾಲ್‌ನಲ್ಲಿ ಇಪ್ಪತ್ತಮೂರು ಜನ ತಜ್ಞರನ್ನು ಕೂರಿಸಿದರು. ಅವರಲ್ಲೊಬ್ಬರೂ ಈ ಮೂರು ಕ್ಲಿನಿಕ್‌ನ ಮೆಟ್ಟಿಲು ಹತ್ತಿದವರಲ್ಲ. ಕಾಗದದ ಮೇಲೆ ನಾಲ್ಕು ಚೌಕ ಬರೆದು ನಾಲ್ಕು ಭವಿಷ್ಯ ತುಂಬಿಸಿದರು. ಆಮೇಲೆ ಅವರಿಗೆ ಒಂದೇ ಪ್ರಶ್ನೆಗಳನ್ನು ಮೂರು ಸುತ್ತು ಕಳಿಸಿದರು. ಪ್ರತಿ ಸುತ್ತಿನಲ್ಲೂ ಮಿಕ್ಕವರು ಏನು ಹೇಳಿದ್ದಾರೆ ಎಂದು ತೋರಿಸುತ್ತಾರೆ. ಮೂರನೇ ಸುತ್ತಿಗೆ ಎಲ್ಲರೂ ಸುಸ್ತಾಗಿ ಪಕ್ಕದವನ ಉತ್ತರವನ್ನೇ ಬರೆಯುತ್ತಾರೆ. ಅದಕ್ಕೆ ಒಮ್ಮತ ಎನ್ನುತ್ತಾರೆ. ಈ ಪದ್ಧತಿಯನ್ನು ಸರಿಯಾಗಿ ನಡೆಸಿದರೆ ಪ್ರಯೋಜನ ಇದೆಯಂತೆ. ಸರಿಯಾಗಿ ನಡೆಸಿದ್ದನ್ನು ನಾನು ನೋಡಲಿಲ್ಲ.

ಒಮ್ಮತ ಸಿಕ್ಕ ಮೇಲೆ ಜನರನ್ನು ಕೇಳುವ ಶಾಸ್ತ್ರ. ಸಾವಿರದ ಎಂಟುನೂರು ಮನೆ, ನೂರ ಹನ್ನೆರಡು ಪ್ರಶ್ನೆ, ಕೈಯಲ್ಲಿ ಒಂದು ಟ್ಯಾಬ್. ಆ ಟ್ಯಾಬ್ ಹಿಡಿದು ಬಿಸಿಲಲ್ಲಿ ತಿರುಗುವ ಹನ್ನೊಂದು ಜನರಲ್ಲಿ ಮಧುಮತಿ ಒಬ್ಬಳು.

ಅವಳಿಗೆ ಮೂವತ್ತಾರು ವರ್ಷ. ಊರು ಕುಷ್ಟಗಿ ಹತ್ತಿರ. ನರ್ಸಿಂಗ್ ಸೇರಿ ಒಂದು ವರ್ಷ ಓದಿ, ತಾಯಿ ಹಾಸಿಗೆ ಹಿಡಿದಿದ್ದರಿಂದ ಬಿಟ್ಟಿದ್ದಳು. ಗಂಡ ಸಿದ್ದಾರೂಢ ಲಿಫ್ಟ್ ರಿಪೇರಿ ಕೆಲಸದವನು. ಬಿಟಿಎಂನಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ರೂಮಿನಲ್ಲಿ ಇಬ್ಬರೂ ಒಂಬತ್ತು ವರ್ಷದಿಂದ ಇದ್ದರು. ಸೋಪಿನ ಸರ್ವೆ, ಟೀಪುಡಿ ಸರ್ವೆ, ಎಲೆಕ್ಷನ್ ಸರ್ವೆ, ಎಲ್ಲದಕ್ಕೂ ಬಾಗಿಲು ತಟ್ಟಿದ ಕೈ ಅವಳದು. ಯಾವ ಅಪಾರ್ಟ್‌ಮೆಂಟ್ ಸೆಕ್ಯೂರಿಟಿ ಒಳಗೆ ಬಿಡುತ್ತಾನೆ, ಯಾವ ಬೀದಿಯ ನಾಯಿ ಸುಮ್ಮನೆ ಬೊಗಳುತ್ತೆ, ಯಾವುದು ಕಚ್ಚುತ್ತೆ, ಎಲ್ಲ ಅವಳಿಗೆ ಗೊತ್ತು. ಒಂದು ಅಭ್ಯಾಸ ಮಾತ್ರ ಈ ಕಸುಬಿಗೆ ಹೊಂದುತ್ತಿರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು.

ಸುಬ್ರಹ್ಮಣ್ಯಪುರದಲ್ಲಿ ಲಕ್ಕವ್ವನ ಮನೆಗೆ ಹೋದದ್ದು ಎರಡನೇ ವಾರ. ಲಕ್ಕವ್ವ ಐವತ್ತು ದಾಟಿದವಳು, ಅವಳೂ ಕುಷ್ಟಗಿ ಕಡೆಯವಳೇ. ನಾಲ್ಕು ಫ್ಲಾಟಿನಲ್ಲಿ ಪಾತ್ರೆ ತಿಕ್ಕಿ ಮನೆಗೆ ಬರುವುದು ಸಾಯಂಕಾಲ ಐದಕ್ಕೆ. ಸಕ್ಕರೆ ಕಾಯಿಲೆ. ಎಡಗಾಲ ಬೆರಳಿಗೆ ಹಳೇ ಸೀರೆಯ ಬಟ್ಟೆ ಸುತ್ತಿಕೊಂಡಿದ್ದಳು. ನಡೆದದ್ದನ್ನು ಮಧುಮತಿ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ.

"ಅವ್ವಾರ, ಒಂದು ವರ್ಷದಾಗ ದವಾಖಾನಿಗೆ ತೋರಿಸಿಕೊಂಡೀರೇನು?"

"ತೋರಿಸ್ಕೊಳ್ಳಾಕ ಹೋಗಿದ್ನೆವ್ವಾ. ಬಾಗಲಾ ಹಾಕಿತ್ತು."

"ಮತ್ತ ಹೋಗ್ಲಿಲ್ಲೇನು?"

"ಮೂರು ಸರ್ತಿ ಹೋಗೀನಿ. ಕೆಲಸ ಮುಗಿಸಿ ಹೋಗೂದ್ರಾಗ ಮುಚ್ಚಿರತೈತಿ. ಕೆಲಸ ಬಿಟ್ಟು ಹೋದ್ರ ಆ ಮನಿಯಾಕಿ ಬ್ಯಾರೇದಾರನ್ನ ಇಟ್ಕೊಂತಾಳ."

ಟ್ಯಾಬಿನಲ್ಲಿ ಇದ್ದದ್ದು ಎರಡೇ ಗುಂಡಿ: ಸೇವೆ ಪಡೆದಿದ್ದೇನೆ, ಪಡೆದಿಲ್ಲ. ಮಧುಮತಿ 'ಪಡೆದಿಲ್ಲ' ಒತ್ತಿದಳು. ಒತ್ತಿದ ತಕ್ಷಣ ಅದು ಇಪ್ಪತ್ತೈದು ಪ್ರಶ್ನೆ ಹಾರಿ ಬೇರೆ ಕಡೆ ಹೋಗಿ ನಿಂತಿತು: ನಿಮ್ಮ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ? ಡಾಕ್ಟರು ಫೋನಿನಲ್ಲಿ ನೋಡುವುದಾದರೆ ಬಳಸುವಿರಾ? ಲಕ್ಕವ್ವ ಮಗನ ಫೋನ್ ಇದೆ ಎಂದಳು. ಎರಡನೆಯದಕ್ಕೆ, "ನೋಡಿದ್ರ ನೋಡ್ಲಿ, ಯಾರಾರ ನೋಡಿದ್ರ ಸಾಕು" ಎಂದಳು. ಅದು 'ಹೌದು' ಆಯಿತು. ಮೂರು ಸಲ ಬಾಗಿಲಿಗೆ ಹೋಗಿ ಬಂದ ಹೆಂಗಸು ಆ ಲೆಕ್ಕದಲ್ಲಿ ಆಸ್ಪತ್ರೆಗೆ ಹೋಗದವಳು, ಫೋನ್ ಡಾಕ್ಟರಿಗಾಗಿ ಕಾಯುತ್ತಿರುವವಳು.

ಶನಿವಾರದ ಮೀಟಿಂಗಿನಲ್ಲಿ ಮಧುಮತಿ ಇದನ್ನು ಎತ್ತಿದಳು. ಅಷ್ಟರಲ್ಲಿ ಇಂಥ ಹದಿನೇಳು ಮನೆ ಸಿಕ್ಕಿದ್ದವು.

"ಸರ್, 'ಹೋಗಿದ್ದೆ, ಸಿಗಲಿಲ್ಲ' ಅಂತ ಒಂದು ಗುಂಡಿ ಹಾಕಿಕೊಡ್ರಿ."

ಶಶಿಕಾಂತ್ ನಕ್ಕರು. "ಮಧುಮತಿ, ಪ್ರಶ್ನಾವಳಿ ಫ್ರೀಜ್ ಆಗಿದೆ. ಮಧ್ಯದಲ್ಲಿ ಚೇಂಜ್ ಮಾಡೋಕಾಗಲ್ಲ. ಮೆಥಡಾಲಜಿ ಅಂತ ಒಂದಿರತ್ತೆ."

"ತಪ್ಪು ಐತಂತ ಗೊತ್ತಾದ ಮ್ಯಾಲೂ?"

"ತಪ್ಪಲ್ಲ. ಅದು ನಮ್ಮ ಸ್ಕೋಪ್ ಅಲ್ಲ. ಬೇಕಿದ್ರೆ ಷರಾ ಕಾಲಂನಲ್ಲಿ ಬರೀರಿ."

ಅವಳು ಬರೆದಳು. ನಾಲ್ಕು ವಾರದಲ್ಲಿ ನೂರಾ ನಾಲ್ಕು ಮನೆ ಮಾಡಿ, ಮೂವತ್ತೇಳು ಕಡೆ ಷರಾ ಬರೆದಳು. ಷರಾ ಕಾಲಂ ಅನ್ನು ಯಾರೂ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಏಕೆಂದರೆ ಅದನ್ನು ಇಂಗ್ಲಿಷಿಗೆ ಮಾಡಬೇಕಾಗಿದ್ದವನು ನಾನು, ನನಗೆ ಅದು ಬರಲೇ ಇಲ್ಲ. ಡೇಟಾ ಶುದ್ಧ ಮಾಡುವಾಗ ಮೊದಲು ತೆಗೆದುಹಾಕುವುದೇ ಆ ಕಾಲಂ ಅಂತೆ. ಜನ ಬಾಯಿಬಿಟ್ಟು ಹೇಳಿದ್ದು ಕೊಳೆ, ಗುಂಡಿ ಒತ್ತಿದ್ದು ಶುದ್ಧ.

ಆ ತಂಡದಲ್ಲಿ ಮಯೂರ್ ಎಂಬ ಯುವಕನಿದ್ದ. ಮಧುಮತಿ ದಿನಕ್ಕೆ ನಾಲ್ಕೈದು ಮನೆ ಮಾಡಿದರೆ ಇವನು ಹದಿನೈದು ಮಾಡುತ್ತಿದ್ದ. ಬಿಟಿಎಂನ ಒಂದು ಜ್ಯೂಸ್ ಅಂಗಡಿಯಲ್ಲಿ ಕೂತು ಮಾಡುತ್ತಿದ್ದ. ಒಂದು ದಿನ ಮಧುಮತಿ ಕಣ್ಣಾರೆ ನೋಡಿದಳಂತೆ, ಅವನು ನಾಚಿಕೆಯಿಲ್ಲದೆ "ಅಕ್ಕಾ, ಯಾರು ಓದ್ತಾರೆ? ಜ್ಯೂಸ್ ಕುಡೀರಿ" ಎಂದನಂತೆ. ತಿಂಗಳ ಕೊನೆಗೆ ಕಂಪ್ಯೂಟರು ಎಲ್ಲರ ಕೆಲಸ ತೂಗಿತು. ಮಯೂರನ ಉತ್ತರಗಳು ಎಷ್ಟು ನಯವಾಗಿದ್ದವೆಂದರೆ ಎಲ್ಲೂ ಒಂದು ಏರುಪೇರಿಲ್ಲ. ಮಧುಮತಿಯದು ಮಾತ್ರ ಒಂದೊಂದು ಮನೆಗೆ ನಲವತ್ತೆಂಟು ನಿಮಿಷ, ಉಳಿದವರ ಸರಾಸರಿ ಇಪ್ಪತ್ತೆರಡು. 'ಪಡೆದಿಲ್ಲ' ಎಂಬ ಉತ್ತರವೂ ಎಲ್ಲರಿಗಿಂತ ಹೆಚ್ಚು. ಗುಣಮಟ್ಟದ ಕಾರಣ ಹೇಳಿ ಅವಳ ನೂರಾ ನಾಲ್ಕು ಮನೆಗಳನ್ನೂ ಲೆಕ್ಕದಿಂದ ಅಳಿಸಿದರು. ಅವಳನ್ನೂ ಕೆಲಸದಿಂದ ಕಳಿಸಿದರು. ಮಯೂರನಿಗೆ ತಿಂಗಳ ಉತ್ತಮ ಕ್ಷೇತ್ರ ಸಂಶೋಧಕ ಎಂಬ ಸರ್ಟಿಫಿಕೇಟು. ಅದನ್ನು ಕನ್ನಡದಲ್ಲಿ ಬರೆದುಕೊಟ್ಟವನೂ ನಾನೇ.

ನಾನು ಆ ದಿನ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬರ್ತೀನ್ರಿ ಸರ್ರ" ಎಂದು ಹೇಳಿ ಹೋದಾಗ ಕಾಫಿ ಲೋಟದೊಳಗೆ ನೋಡುತ್ತಾ ಕೂತಿದ್ದೆ.

ಬೇರೆ ಕೆಲಸ ಹುಡುಕುತ್ತಾ ಉತ್ತರಹಳ್ಳಿ ರಸ್ತೆಗೆ ಹೋಗಿದ್ದಾಗ ಬಸ್ ಸ್ಟಾಪಿನಲ್ಲಿ ಅವಳಿಗೆ ಲಕ್ಕವ್ವ ಸಿಕ್ಕಳು. ಎಡಗಾಲಿಗೆ ದೊಡ್ಡ ಬ್ಯಾಂಡೇಜು, ಕೈಯಲ್ಲಿ ಕೋಲು. ಹುಣ್ಣು ಮೇಲೇರಿ ದೊಡ್ಡಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದಿದ್ದರು. ಒಂದು ತಿಂಗಳು ಮೊದಲು ಯಾರಾದರೂ ತೊಳೆದು ಮದ್ದು ಹಾಕಿ ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿತ್ತೆಂದು ಅಲ್ಲಿನ ಡಾಕ್ಟರು ಹೇಳಿದರಂತೆ. ನಾಲ್ಕು ಮನೆ ಕೆಲಸದಲ್ಲಿ ಮೂರು ಹೋಗಿದ್ದವು.

ಲಕ್ಕವ್ವ ಸಿಟ್ಟಾಗಲಿಲ್ಲ. ಸುಮ್ಮನೆ ಕೇಳಿದಳು: "ಅಷ್ಟೊತ್ತು ಕುಂತು ಬರ್ಕೊಂಡು ಹೋದ್ಯಲ್ಲ ತಂಗಿ, ಅದು ಎಲ್ಲಿಗಿ ಹೋತು?"

"ನಾ ಏನ್ ಹೇಳ್ಲಿ ಸರ್ರ? ಅಳಿಸ್ಯಾರ ಅಂತ ಹೇಳ್ಲೇನು?" ಎಂದು ಆಮೇಲೆ ನನ್ನ ಮುಂದೆ ಹೇಳುವಾಗ ಮಧುಮತಿಯ ದನಿ ಒಡೆಯಿತು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನ ಮೂರೂವರೆಗೆ ಅವಳು ಸುಬ್ರಹ್ಮಣ್ಯಪುರದ ಕ್ಲಿನಿಕ್ ಎದುರಿನ ಕಾಂಡಿಮೆಂಟ್ಸ್ ಅಂಗಡಿಯ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ನಾಲ್ಕಕ್ಕೆ ಗೇಟು ಬಿತ್ತು. ನಾಲ್ಕೂ ಹತ್ತಕ್ಕೆ ಒಬ್ಬ ಆಟೋದವನು ಬಂದ, ಗೇಟು ನೋಡಿದ, ಹೋದ. ಆಮೇಲೆ ಮಗು ಎತ್ತಿಕೊಂಡ ಒಬ್ಬಳು. ಐದೂವರೆಯಿಂದ ಆರೂವರೆವರೆಗೆ ಸಾಲುಸಾಲು: ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಮನೆಕೆಲಸದವರು, ಡೆಲಿವರಿ ಮಾಡುವವರು. ಏಳೂವರೆವರೆಗೆ ಕೂತು ಬಂದವರನ್ನೆಲ್ಲ ಹಿಡಿದು ಮೂರೇ ಪ್ರಶ್ನೆ ಕೇಳಿದಳು. ಏನಾಗಿದೆ? ಈಗ ಎಲ್ಲಿಗೆ ಹೋಗ್ತೀರಿ? ಮೊದಲು ಹೀಗೆ ಬಂದು ಹೋಗಿದ್ದೀರಾ?

ಕ್ಲಿನಿಕ್ಕಿನ ಸೆಕ್ಯೂರಿಟಿ ಮರೆಪ್ಪ, ರಾಯಚೂರಿನವನು, ಎರಡು ದಿನ ದೂರದಿಂದ ನೋಡಿ ಮೂರನೇ ದಿನ ಪಕ್ಕಕ್ಕೆ ಬಂದು ನಿಂತ.

"ಏನ್ ಬರೀತೀ ಯವ್ವಾ?"

"ವಾಪಸ್ ಹೋಗೋರ್ನ ಎಣಸಾಕತ್ತೀನಿ ಅಣ್ಣಾರ."

ಮರೆಪ್ಪ ಬೆಂಚಿನ ತುದಿಗೆ ಕೂತ. "ದಿನಾ ಇಪ್ಪತ್ತು ಸರ್ತಿ 'ನಾಳಿ ಬರ್ರಿ' ಅಂತೀನಿ. ಆರು ವರ್ಷ ಆತು. ಟೈ ಕಟ್ಟಿದಾವ್ರು ಬಂದು ಡಾಕ್ಟರ್ನ ಕೇಳಿದ್ರು, ನರ್ಸನ್ನ ಕೇಳಿದ್ರು, ಗ್ವಾಡಿದು ಫೋಟೋ ಹೊಡಕೊಂಡ್ರು. ನನ್ನ ಯಾರೂ ಕೇಳ್ಲಿಲ್ಲ."

ಹನ್ನೆರಡು ದಿನ ಕೂತಳು. ಸಿದ್ದಾರೂಢ ಮೊದಲು ಗೊಣಗಿದ. "ಯಾರ ಕೆಲಸ ಅದು? ನಿನಗ್ಯಾರ ಹೇಳ್ಯಾರ?" ಎಂದ. ಆಮೇಲೆ ತಾನೇ ಒಂದು ಸಾಯಂಕಾಲ ಬಂದು, ಅವಳು ಒಬ್ಬರ ಹತ್ತಿರ ಮಾತಾಡುವಾಗ ಇನ್ನಿಬ್ಬರು ತಪ್ಪಿಹೋಗುವುದನ್ನು ಕಂಡು, ಗೇಟಿನ ಆಚೆ ಬದಿಗೆ ನಿಂತು ಎಣಿಸಿಕೊಟ್ಟ.

ಆ ನೋಟ್‌ಬುಕ್ಕನ್ನು ಅವಳು ನನ್ನ ಮನೆಗೆ ತಂದಳು. "ಸರ್ರ, ಇದನ್ನ ನೆಟ್ಟಗ ಟೈಪ್ ಮಾಡಿಕೊಡ್ರಿ" ಎಂದಳು. ನನ್ನ ಮೇಲೆ ಸಿಟ್ಟಿದ್ದರೆ ತೋರಿಸಲಿಲ್ಲ. ನಾನು ಪುಟ ತಿರುವಿದೆ. ಮುನ್ನೂರ ಹನ್ನೆರಡು ಸಲ ಜನ ಬಂದು ವಾಪಸ್ ಹೋಗಿದ್ದರು. ಎರಡನೇ ಸಲ, ಮೂರನೇ ಸಲ ಬಂದವರನ್ನು ಕಳೆದು ಇನ್ನೂರ ಅರವತ್ತೊಂಬತ್ತು ಮಂದಿ ಎಂದು ಬೇರೆ ಬರೆದಿದ್ದಳು. ಬರೀ ವಿಳಾಸ ಕೇಳಲು ಬಂದವರು ಲೆಕ್ಕಕ್ಕಿಲ್ಲ. ಯುಗಾದಿಯ ಎರಡು ದಿನ ಜನ ಕಮ್ಮಿ, ಆ ದಿನಗಳಿಗೆ ಗುರುತು ಹಾಕಿದ್ದಳು. ಗೇಟಿನಿಂದ ನೇರ ಔಷಧಿ ಅಂಗಡಿಗೆ ಹೋಗಿ ಮಾತ್ರೆ ಕೇಳಿ ನುಂಗುವವರು ಅರ್ಧಕ್ಕಿಂತ ಹೆಚ್ಚು. ಒಂದು ಪುಟದ ಕೊನೆಗೆ, 'ಮಳೆ ಬಂದು ಅರ್ಧ ತಾಸು ಅಂಗಡಿ ಒಳಗ ಇದ್ದೆ, ಆಗ ಬಂದವರು ನನಗ ಗೊತ್ತಿಲ್ಲ' ಎಂದಿತ್ತು. ತನಗೆ ಏನು ಗೊತ್ತಿಲ್ಲ ಎಂದು ಬರೆದುಕೊಂಡ ಒಂದು ಸಾಲು ಮುಂಬೆಳಗಿನ ಇನ್ನೂರ ನಲವತ್ತು ಪುಟದ ವರದಿಯಲ್ಲಿ ನನಗೆ ಸಿಕ್ಕಿರಲಿಲ್ಲ.

"ಶಶಿಕಾಂತ್‌ಗೆ ತೋರಿಸೋಣ" ಎಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. ಅಷ್ಟೇ.

ಮರುದಿನ ಇಬ್ಬರೂ ಕ್ಲಿನಿಕ್ಕಿನ ಡಾಕ್ಟರ್ ಹಂಸಾ ಅವರ ಹತ್ತಿರ ಹೋದೆವು. ಐವತ್ತರ ಆಸುಪಾಸಿನವರು, ಬಿಗಿ ಮಾತಿನವರು. ಮೊದಲು "ಏನ್ರೀ ಇದು, ಕಂಪ್ಲೇಂಟಾ?" ಎಂದರು. ನಾಲ್ಕು ಪುಟ ಓದಿದ ಮೇಲೆ ಕನ್ನಡಕ ತೆಗೆದರು.

"ನನ್ನ ಕಾರು ಹಿಂದಿನ ಗೇಟಲ್ಲಿರತ್ತೆ. ನಾಲ್ಕಕ್ಕೆ ಆ ಕಡೆಯಿಂದ ಹೋಗ್ಬಿಡ್ತೀನಿ. ಮುಂದಿನ ಗೇಟಲ್ಲಿ ಇಷ್ಟು ಜನ ಬರ್ತಾರೆ ಅಂತ..." ಎಂದು ನಿಲ್ಲಿಸಿದರು. "ನಾನು ಒಂದು ದಿನಕ್ಕೆ ನೋಡೋದೇ ನಲವತ್ತು ಜನ ಕಣಮ್ಮ. ಇಪ್ಪತ್ತಾರು ಜನ ವಾಪಸ್ ಹೋಗ್ತಾರೆ ಅಂದ್ರೆ ಏನರ್ಥ?"

"ಶುಕ್ರವಾರ ಮುಂಬೆಳಗಿನಾವ್ರು ವರದಿ ಕೊಡ್ತಾರಂತಲ್ರಿ ಮೇಡಂ. ನಾನೂ ಬರ್ಲೇನು?"

"ನನ್ನ ಜೊತೆ ಬಾ."

ಶುಕ್ರವಾರ ಜಯನಗರದ ಅದೇ ಹಾಲ್. ಮುಂದಿನ ಸಾಲಲ್ಲಿ ಗುರುಬಸಪ್ಪನವರು, ಹಣೆಯ ತುಂಬ ವಿಭೂತಿ, ಬಿಳಿ ಪಂಚೆ. ಶಶಿಕಾಂತ್ ಪರದೆಯ ಮೇಲೆ ನಾಲ್ಕು ಭವಿಷ್ಯಗಳನ್ನು ತೋರಿಸಿದರು. ಎಲ್ಲ ಭವಿಷ್ಯದಲ್ಲೂ ಜನ ನಗುತ್ತಿದ್ದರು. ಕೊನೆಗೆ ಶಿಫಾರಸು: ಮೂರೂ ಕ್ಲಿನಿಕ್ಕಿನಲ್ಲಿ 'ಡಿಜಿಟಲ್ ಆರೋಗ್ಯ ಗವಾಕ್ಷಿ'. ಗಾಜಿನ ಗೂಡಿನೊಳಗೆ ನಿಂತು ಪರದೆಯ ಮೇಲಿನ ಡಾಕ್ಟರ ಹತ್ತಿರ ಮಾತಾಡುವುದು. ಶೇಕಡಾ ಎಪ್ಪತ್ತೊಂದು ಜನ ಇದನ್ನು ಬಯಸಿದ್ದಾರೆ ಎಂದರು. ಗವಾಕ್ಷಿ ಎಂಬ ಪದ ನನ್ನ ಕೊಡುಗೆ. ಆ ಹೊತ್ತಿನಲ್ಲಿ ಅದನ್ನು ನುಂಗಿಬಿಡಬೇಕು ಎನ್ನಿಸಿತು.

ಪ್ರಶ್ನೆ ಕೇಳಬಹುದು ಎಂದಾಗ ಹಿಂದಿನ ಸಾಲಿನಿಂದ ಮಧುಮತಿ ಎದ್ದಳು.

"ಸರ್, ನಿಮ್ಮ ಸಾವಿರದ ಎಂಟನೂರು ಮಂದಿಯೊಳಗ, ಬಾಗಲಾ ಹಾಕಿದ್ದು ನೋಡಿ ವಾಪಸ್ ಬಂದಾವ್ರು ಎಷ್ಟು ಮಂದಿ ಅದಾರ್ರಿ?"

ಶಶಿಕಾಂತ್ ಅವಳನ್ನು ಗುರುತು ಹಿಡಿದರು. ಮುಖದ ನಗು ಹೋಗಲಿಲ್ಲ, ತೆಳ್ಳಗಾಯಿತು. "ಆ ಅಂಶವನ್ನು ನಾವು ಕ್ಯಾಪ್ಚರ್ ಮಾಡಿಲ್ಲ."

"ನಾ ಮಾಡೀನ್ರಿ. ಸುಬ್ರಹ್ಮಣ್ಯಪುರದಾಗ ಹನ್ನೆರಡು ದಿನಕ್ಕ ಮುನ್ನೂರ ಹನ್ನೆರಡು ಸರ್ತಿ."

"ಮೇಡಂ, ಬೆಂಚಿನ ಮೇಲೆ ಕೂತು ಬರೆದದ್ದು ಡೇಟಾ ಆಗಲ್ಲ. ಸ್ಯಾಂಪಲ್ ಹೇಗೆ ತಗೊಂಡ್ರಿ? ಪ್ರೋಟೋಕಾಲ್ ಏನು?"

"ಸ್ಯಾಂಪಲ್ ಇಲ್ರಿ. ಗೇಟಿಗೆ ಬಂದಾವ್ರು ಎಲ್ಲಾರ್ನೂ ಎಣಿಸೀನಿ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಗುರುಬಸಪ್ಪನವರು ಹಿಂದೆ ತಿರುಗಿ ಅವಳನ್ನು ಒಂದು ಸಲ ನೋಡಿ, ಮುಂದೆ ತಿರುಗಿದರು.

"ಅಲ್ಲ ಶಶಿಕಾಂತ್, ವಾಪಸ್ ಹೋದೋರು ನಿಮ್ಮ ಪುಸ್ತಕದಲ್ಲಿ ಎಲ್ಲಿದ್ದಾರೆ?"

"ಸರ್, ಟೆಕ್ನಿಕಲಿ ಅವರು ನಮ್ಮ ಸೇವೆಯ ಬಳಕೆದಾರರೇ ಅಲ್ಲ."

"ಬಾಗಿಲು ಹಾಕ್ಕೊಂಡೋನು ನಾನು, ಬಂದೋನು ಗಿರಾಕಿ ಅಲ್ಲ ಅಂತ ಹೇಳೋದೂ ನಾನೇನಾ? ಹಂಗೆ ಅಂದ್ಕೊಂಡಿದ್ರೆ ನನ್ನ ಮಂಡಿ ಮೂರು ತಿಂಗಳಿಗೆ ಎದ್ದುಹೋಗ್ತಿತ್ತು."

ಡಾಕ್ಟರ್ ಹಂಸಾ ಎದ್ದು, ಮೂರು ತಿಂಗಳ ಮಟ್ಟಿಗೆ ತಮ್ಮ ಕ್ಲಿನಿಕ್ಕನ್ನು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ನಡೆಸಿ ನೋಡುತ್ತೇನೆ, ಎಣಿಸುವುದಕ್ಕೆ ಈ ಹೆಣ್ಣುಮಗಳನ್ನು ಕೆಲಸಕ್ಕೆ ಕೊಡಿ ಎಂದು ಕೇಳಿದರು. ಗುರುಬಸಪ್ಪನವರು ಒಪ್ಪಿದರು. ಅವರೇನು ದೇವರಲ್ಲ. ಗವಾಕ್ಷಿಗೂ ಒಪ್ಪಿದರು, ಅದರ ನೆತ್ತಿಯ ಮೇಲೆ ಅವರ ಹೆಸರು ಬರುವುದಿತ್ತು. ಮೂರು ತಿಂಗಳ ಮೌಲ್ಯಮಾಪನವನ್ನೂ ಮುಂಬೆಳಗಿಗೇ ಕೊಟ್ಟರು.

ಜೂನ್‌ನಲ್ಲಿ ಹೊಸ ಹೊತ್ತು ಶುರುವಾಯಿತು. ಮಧುಮತಿ ಮೊದಲ ದಿನವೇ ಡಾಕ್ಟರ ಹತ್ತಿರ ಒಂದು ಬೇಡಿಕೆ ಇಟ್ಟಳು. ಹೊತ್ತು ಬದಲಾಗದ ಯಡಿಯೂರು ಕ್ಲಿನಿಕ್ಕಿನ ಗೇಟಿನಲ್ಲೂ ಹೀಗೇ ಎಣಿಸಬೇಕು.

"ಅಲ್ಲಿ ಯಾಕೆ?" ಎಂದರು ಹಂಸಾ.

"ಮಳಿಗಾಲ ಬಂತ್ರಿ. ಜ್ವರದ ಮಂದಿ ಎಲ್ಲಾ ಕಡಿ ಜಾಸ್ತಿ ಆಗ್ತಾರ. ಇಲ್ಲಿ ಮಂದಿ ಹೆಚ್ಚಾದ್ರ ಹೊತ್ತಿನಿಂದ ಆತೋ ಮಳಿಯಿಂದ ಆತೋ ಹೆಂಗ್ ಗೊತ್ತಾಗಬೇಕ್ರಿ?"

ಒಂದು ವರ್ಷ ನರ್ಸಿಂಗ್ ಓದಿದವಳು ಕೇಳಿದ ಈ ಪ್ರಶ್ನೆಯನ್ನು ಹೊರದೇಶದ ಡಿಗ್ರಿ ಕೇಳಲಿಲ್ಲ. ಹಂಸಾ ಯಡಿಯೂರಿಗೆ ಅರ್ಪಿತ ಎಂಬ ಹುಡುಗಿಯನ್ನು ಹಾಕಿಸಿದರು. ಮಧುಮತಿ ಅವಳಿಗೆ ಎರಡು ದಿನ ಜೊತೆಗೆ ನಿಂತು ಕಲಿಸಿದಳು.

ಸುಬ್ರಹ್ಮಣ್ಯಪುರದಲ್ಲಿ ಸಾಯಂಕಾಲ ವಾಪಸ್ ಹೋಗುವವರು ದಿನಕ್ಕೆ ಇಬ್ಬರು ಮೂವರಿಗೆ ಇಳಿದರು. ಅವರೂ ಎಂಟರ ಮೇಲೆ ಬಂದವರು. ಯಡಿಯೂರಿನಲ್ಲಿ ಅದು ಇಪ್ಪತ್ತೆರಡರಿಂದ ಮೂವತ್ತಕ್ಕೆ ಏರಿತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ ಮೈಸೂರು ಪಾಕ್ ಹಂಚುತ್ತಿದ್ದರು. ಮಧುಮತಿ ಎರಡನೇ ವಾರ ಬೆಳಗ್ಗೆ ಏಳೂವರೆಗೆ ಹೋಗಿ ಸುಬ್ರಹ್ಮಣ್ಯಪುರದ ಗೇಟಿನಲ್ಲಿ ನಿಂತಳು. ಮುಚ್ಚಿದ ಬಾಗಿಲಿಗೆ ಬೆಳಗ್ಗೆ ಯಾರು ಬರುತ್ತಾರೆ ನೋಡೋಣ ಎಂದು. ಬಂದರು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆಂದು ಕೋಲೂರಿಕೊಂಡು ಬಂದ ಮುದುಕರು, ದಿನಕ್ಕೆ ಎಂಟೊಂಬತ್ತು ಜನ. ಒಬ್ಬ ಅಜ್ಜಿ ತಿಂಡಿಯಿಲ್ಲದೆ ಗೇಟಿನ ಹತ್ತಿರವೇ ಕುಸಿದು ಕೂತಳು. ಮರೆಪ್ಪ ಬಿಸ್ಕತ್ತು ತಂದು ತಿನ್ನಿಸಿದ.

ಅವಳು ಅದನ್ನೂ ಬರೆದು ಹಂಸಾ ಅವರ ಮುಂದೆ ಇಟ್ಟಳು. "ಮೇಡಂ, ನಾ ಹೇಳಿದ್ದರಿಂದ ಇವ್ರಿಗಿ ತೊಂದ್ರಿ ಆಗೈತ್ರಿ."

"ಇದನ್ನ ನೀನು ಬರೀದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು ಹಂಸಾ.

"ಅಜ್ಜಿಗಿ ಗೊತ್ತಾಗಿತ್ರಲ್ಲ."

ವಾರದಲ್ಲಿ ಎರಡು ಬೆಳಗ್ಗೆ ರಕ್ತ ಪರೀಕ್ಷೆಗೆ ಬಾಗಿಲು ತೆರೆಯುವ ಏರ್ಪಾಡಾಯಿತು. ಯಾವ ದಿನ ಎಂಬುದನ್ನು ಮರೆಪ್ಪನೇ ಬಂದವರಿಗೆಲ್ಲ ಹೇಳಿ ಹೇಳಿ ರೂಢಿ ಮಾಡಿದ.

ಮುಂಬೆಳಗಿನವರೂ ಬಂದರು. ಕ್ಲಿನಿಕ್ಕಿನಿಂದ ಔಷಧಿ ತೆಗೆದುಕೊಂಡು ಹೊರಗೆ ಬರುವವರನ್ನು ನಿಲ್ಲಿಸಿ ತೃಪ್ತಿಯಾಯಿತೇ ಎಂದು ಕೇಳಿದರು. ಮದುವೆ ಮನೆಯಲ್ಲಿ ಉಂಡು ಕೈ ತೊಳೆಯುವವರನ್ನು ಕೇಳಿ, ಊರಲ್ಲಿ ಯಾರಿಗೂ ಹಸಿವಿಲ್ಲ ಎಂದು ಬರೆದುಕೊಳ್ಳುವ ರೀತಿ. ಶೇಕಡಾ ತೊಂಬತ್ತನಾಲ್ಕು ತೃಪ್ತಿ ಎಂದು ವರದಿ ಬಂತು. ಅದಕ್ಕೆ ಕಾರಣ ಗವಾಕ್ಷಿ ಎಂದು ವರದಿ ಹೇಳಿತು. ಆ ಗಾಜಿನ ಗೂಡಿನಲ್ಲಿ ಮೂರು ತಿಂಗಳಿಗೆ ಹನ್ನೊಂದು ಜನ ಡಾಕ್ಟರ ಹತ್ತಿರ ಮಾತಾಡಿದ್ದರು. ಉಳಿದ ದಿನ ಜನ ಅದರೊಳಗೆ ಒದ್ದೆ ಕೊಡೆ ಇಡುತ್ತಿದ್ದರು. ಹನ್ನೊಂದು ಎಂಬ ಸಂಖ್ಯೆ ವರದಿಯಲ್ಲಿ ಇಲ್ಲ. ಆ ವರದಿಯನ್ನು ಕನ್ನಡ ಮಾಡಲು ನನಗೆ ಕಳಿಸಿದಾಗ, ಅರವತ್ತೆರಡನೇ ಪುಟದಲ್ಲಿ ಬೆಂಚಿನ ಮೇಲೆ ನೋಟ್‌ಬುಕ್ ಹಿಡಿದು ಕೂತ ಮಧುಮತಿಯ ಫೋಟೋ ಇತ್ತು. ಕೆಳಗೆ 'ಸಮುದಾಯದ ಸಹಭಾಗಿತ್ವ' ಎಂದು ಬರೆಯಬೇಕಿತ್ತು. ಹೆಸರಿಲ್ಲ.

ಶಶಿಕಾಂತ್‌ಗೆ ಫೋನ್ ಮಾಡಿ ಹೆಸರು ಹಾಕಿ ಎಂದೆ. "ಪ್ರೈವಸಿ ಇಶ್ಯೂ ಸಾರ್" ಎಂದರು. ಅವಳ ನೂರಾ ನಾಲ್ಕು ಮನೆ ಅಳಿಸಿದ್ದು ತಪ್ಪು, ಮಯೂರ್ ಜ್ಯೂಸ್ ಅಂಗಡಿಯಲ್ಲಿ ಕೂತು ತುಂಬಿದ್ದು ನನಗೆ ಗೊತ್ತು ಎಂದೂ ಹೇಳಿದೆ. ಆರು ತಿಂಗಳು ತಡವಾಗಿ ಬಂದ ಧೈರ್ಯ. ಅವರು, "ನೀವು ಸುಸ್ತಾಗಿದೀರಾ ಅನ್ಸತ್ತೆ, ರೆಸ್ಟ್ ತಗೊಳ್ಳಿ" ಎಂದರು. ಅಲ್ಲಿಗೆ ನನ್ನ ಕೆಲಸವೂ ಮುಗಿಯಿತು. ಬೇಸರವಾಗಲಿಲ್ಲ. ಶಶಿಕಾಂತ್ ಈಗ ಆ ವರದಿಯನ್ನು ಒಂದು ಹೊರದೇಶದ ಸಮ್ಮೇಳನದಲ್ಲಿ ಓದಿ ಬಂದಿದ್ದಾರೆ ಎಂದು ಕೇಳಿದೆ. 2050ರ ಭವಿಷ್ಯದ ಕೆಲಸವೊಂದು ಸಿಕ್ಕಿದೆಯಂತೆ.

ಟ್ರಸ್ಟಿನವರು ಹಂಸಾ ಅವರ ಮಾತು ಕೇಳಿ ಮಧುಮತಿಯನ್ನು ಕಾಯಂ ಮಾಡಿಕೊಂಡರು. ಯಡಿಯೂರಿನ ಹೊತ್ತನ್ನೂ ಬದಲಿಸಿದ್ದಾರೆ. ಅಲ್ಲಿ ಕೆರೆ ಸುತ್ತ ಬೆಳಗಿನ ವಾಕಿಂಗ್ ಬರುವ ಹಿರಿಯರು ಜಾಸ್ತಿ ಎಂದು ಎಣಿಸಿ ನೋಡಿ, ಬೆಳಗ್ಗೆ ಎರಡು ತಾಸು, ಸಾಯಂಕಾಲ ಐದು ತಾಸು ಎಂದು ಮಾಡಿದರು. ಬಿಟಿಎಂನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿನ ಡಾಕ್ಟರಿಗೆ ಸಾಯಂಕಾಲ ಸ್ವಂತ ಪ್ರಾಕ್ಟೀಸ್ ಇದೆ, ಗೇಟಿಗೆ ಯಾರೂ ಬರುವುದೇ ಇಲ್ಲ ಎಂದು ಬರೆದುಕೊಟ್ಟಿದ್ದಾರೆ.

ಹೋದ ಸೋಮವಾರ ಸಾಯಂಕಾಲ ಬಿಟಿಎಂನ ಆ ದಾರಿಯಲ್ಲಿ ಬಂದೆ. ಮಧುಮತಿ ನೋಟ್‌ಬುಕ್ ಹಿಡಿದು ಕ್ಲಿನಿಕ್ಕಿನ ಮುಚ್ಚಿದ ಗೇಟಿನ ಎದುರು ನಿಂತು ಗಡ್ಡದ ಒಬ್ಬ ಪಿಜಿ ಹುಡುಗನನ್ನು, ಎಷ್ಟು ದಿನದಿಂದ ಜ್ವರ ಎಂದು ಕೇಳುತ್ತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ಮಾತಾಡಿಸಿ, ತಾಳ್ರಿ ಎಂದು ಕೈ ತೋರಿಸಿದಳು. ಅವಳ ಹಿಂದೆ ಇನ್ನೂ ಇಬ್ಬರು ಕಾಯುತ್ತಿದ್ದರು.